ಕಾಣದ ಧಣಿಯೂ ಕೂಲಿಯಾಳಿನ ಹಕ್ಕೂ



ನಮ್ಮ ಸಿದ್ದಾಪುರದ ಸುತ್ತಲಿನ ಹಳ್ಳಿಗಳಲ್ಲೊಂದರಲ್ಲಿ ವಾಸಿಸುವ ಒಬ್ಬ ವಿಧವೆಯ ಮನೆಗೆ ನಾವು ಈಚೆಗೆ ಹೋಗಿದ್ದೆವು. ಆಕೆಯ ಒಬ್ಬನೇ ಮಗನು ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟವನ್ನೂ ಸಾಮಾನನ್ನೂ ತಲಪಿಸುವ ಕೆಲಸದಲ್ಲಿದ್ದಾನೆ. ಆಕೆಯು ನಮಗೆ ಚಾಪೆ ಹಾಸಿ, ನೀರು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ್ದೇನಂದರೆ: “ಉಪದೇಶಿಗಳೇ, ನನ್ನ ಮಗ ಯಾವದೋ ಸಂಘವನ್ನು ಸೇರಿದ್ದಾನಂತೆ. ಎಲ್ಲರೂ ಕೂಡಿ ಒಂದು ದಿವಸ ಕೆಲಸವನ್ನೇ ನಿಲ್ಲಿಸಿದರಂತೆ. ಅನ್ನ ಕೊಡುವ ಧಣಿಗೆ ಎದುರು ನಿಲ್ಲುವದು ಪಾಪವಲ್ಲವೋ?”

ನಾವು ಆ ಕ್ಷಣವೇ ಉತ್ತರ ಕೊಡಲಿಲ್ಲ. ಯಾಕಂದರೆ ಆ ತಾಯಿಯ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಡಗಿದ್ದವು. ಆ ಹುಡುಗನಿಗೆ ಧಣಿಯು ಯಾರು ಎಂಬದು ಒಂದು. ಧಣಿಯ ಕೆಲಸ ಮಾಡುವವನು ತನ್ನ ನ್ಯಾಯವಾದ ಪಾಲನ್ನು ಹತ್ತು ಜನರ ಸಂಗಡ ಕೂಡಿ ಕೇಳಬಹುದೋ ಎಂಬದು ಮತ್ತೊಂದು. ಮಳೆ ಕಡಿಮೆಯಾದ ನಮ್ಮ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಿಂದ ಬೆಂಗಳೂರಿಗೆ ಹೋಗಿರುವ ಮಕ್ಕಳು ಅನೇಕರು. ಅವರ ತಂದೆತಾಯಿಗಳೂ ಇದೇ ಸಂದೇಹದಲ್ಲಿ ಇರಬಹುದು. ಆದಕಾರಣ ಈ ಎರಡು ಪ್ರಶ್ನೆಗಳನ್ನು ನಾವೆಲ್ಲರೂ ಕೂಡಿ ವಿಚಾರಿಸೋಣ.

ಮೊದಲು ಆ ಕೆಲಸವು ಎಂಥದ್ದೆಂದು ತಿಳಿಯಬೇಕು. ಪಟ್ಟಣದಲ್ಲಿ ಒಬ್ಬನು ತನ್ನ ಮೊಬೈಲಿನಲ್ಲಿ ಊಟವನ್ನು ಬೇಕೆಂದು ಕೇಳುತ್ತಾನೆ. ಆ ಕೋರಿಕೆಯು ಕಂಪೆನಿಯ ಆ್ಯಪಿನ ಮೂಲಕ ಹೋಟೆಲಿಗೂ ಹತ್ತಿರದಲ್ಲಿರುವ ಒಬ್ಬ ಹುಡುಗನ ಮೊಬೈಲಿಗೂ ಹೋಗುತ್ತದೆ. ಅವನು ಹೋಟೆಲಿಗೆ ಹೋಗಿ, ಊಟ ಸಿದ್ಧವಾಗುವ ತನಕ ಕಾದು, ಅದನ್ನು ಗಿರಾಕಿಯ ಬಾಗಿಲಿಗೆ ಮುಟ್ಟಿಸುತ್ತಾನೆ. ಇದಕ್ಕೆ ತಿಂಗಳ ಸಂಬಳವಿಲ್ಲ. ಒಂದೊಂದು ಸಾರಿ ತಲಪಿಸಿದ್ದಕ್ಕೆ ಇಷ್ಟು ಎಂದು ಹಣ. ದೂರ, ಹೊತ್ತು, ಸ್ಥಳ ಇವುಗಳ ಮೇಲೆ ಆ ಹಣವು ಏರುತ್ತದೆ, ಇಳಿಯುತ್ತದೆ. ದಿವಸಕ್ಕೆ ಇಷ್ಟು ಆರ್ಡರು ಮುಗಿಸಿದರೆ ಇನ್ಸೆಂಟಿವ್ ಎಂಬ ಹೆಚ್ಚಿನ ಹಣ ಉಂಟು. ಒಂದು ಕಡಿಮೆಯಾದರೂ ಅದು ಕೈತಪ್ಪಬಹುದು. ಬೈಕು ಅವನದು, ಪೆಟ್ರೋಲು ಅವನದು, ಮೊಬೈಲು ಅವನದು, ಬಿದ್ದರೆ ಮುರಿಯುವ ಕಾಲೂ ಅವನದು. ಗಿರಾಕಿಯು ಮೆಚ್ಚದೆ ಕಡಿಮೆ ಗುರುತು ಕೊಟ್ಟರೆ ಅದು ಅವನ ಲೆಕ್ಕಕ್ಕೆ ಬೀಳುತ್ತದೆ. ಒಂದು ದಿವಸ ಐಡಿ ಬ್ಲಾಕ್ ಆದರೆ ಕೆಲಸವು ಅಲ್ಲಿಗೇ ನಿಂತಿತು. ಯಾಕೆಂದು ಕೇಳುವದಕ್ಕೆ ಎದುರಿನಲ್ಲಿ ಮನುಷ್ಯನ ಮುಖವೇ ಇರುವದಿಲ್ಲ.

ಮೇಲೆ ಹೇಳಿದ ವಿಧವೆಯ ಮಗನು ಒಮ್ಮೆ ಊರಿಗೆ ಬಂದಾಗ ನಮಗೆ ಒಂದು ಸಂಗತಿಯನ್ನು ಹೇಳಿದನು. ಮಳೆಯ ರಾತ್ರಿಯಲ್ಲಿ ಬೈಕು ಜಾರಿ ಅವನು ರಸ್ತೆಯಲ್ಲಿ ಬಿದ್ದನು. ಮೊಣಕಾಲು ಒಡೆದು ರಕ್ತ ಸುರಿಯುತ್ತಿತ್ತು. ಆಗ ಮೊಬೈಲಿನಲ್ಲಿ ಬಂದ ಮೊದಲನೆಯ ಸಂದೇಶವು, ಗಿರಾಕಿಯ ಊಟವು ತಡವಾಗುತ್ತಿದೆ ಎಂಬದೇ. “ಬೈಯುವ ಧಣಿಯಾದರೆ ಕಾಲು ಹಿಡಿದಾದರೂ ಕೇಳಿಕೊಳ್ಳಬಹುದು, ಅಯ್ಯನವರೇ. ಇದರ ಕಾಲು ಎಲ್ಲಿದೆ?” ಎಂದು ಅವನು ನಕ್ಕನು. ನಮಗೆ ನಗು ಬರಲಿಲ್ಲ.

ಇದು ನಾಲ್ಕು ಜನರ ಕಥೆಯಲ್ಲ. 2022ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯ ಪ್ರಕಾರ, 2020–21ರಲ್ಲಿ ನಮ್ಮ ದೇಶದಲ್ಲಿ ಇಂಥ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರು 77 ಲಕ್ಷ ಮಂದಿ ಇದ್ದರು. 2029–30ಕ್ಕೆ ಅವರು 2 ಕೋಟಿ 35 ಲಕ್ಷವಾಗುವರೆಂದು ಅಂದಾಜು.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಇವನ ಧಣಿ ಯಾರು? ಕಂಪೆನಿಗಳು ಹೇಳುವದೇನಂದರೆ: ‘ನಾವು ಧಣಿಗಳಲ್ಲ, ಇವನು ಆಳಲ್ಲ. ಇವನು ನಮ್ಮ ಪಾರ್ಟ್ನರ್, ಅಂದರೆ ಪಾಲುಗಾರನು. ಬೇಕಾದಾಗ ಕೆಲಸ ಮಾಡುವನು, ಬೇಡವಾದಾಗ ಬಿಡುವನು. ನಾವು ಕೊಳ್ಳುವವನನ್ನೂ ಕೊಡುವವನನ್ನೂ ಕೂಡಿಸುವ ಸೇತುವೆ ಮಾತ್ರ.’

ಈ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾವು ಹೇಳಲಾರೆವು. ಈ ಕೆಲಸಕ್ಕೆ ಶಿಫಾರಸು ಬೇಡ, ಲಂಚ ಬೇಡ. ನೀನು ಯಾವ ಕೇರಿಯವನು, ಯಾರ ಮಗನು ಎಂದು ಆ್ಯಪು ಕೇಳುವದಿಲ್ಲ. ಊರೊಳಗೆ ಕಾಲಿಡುವದಕ್ಕೂ ಒಂದು ಕಾಲದಲ್ಲಿ ಅಂಜಿದ ಜನರ ಮಕ್ಕಳು ಇಂದು ದೊಡ್ಡ ದೊಡ್ಡ ಮನೆಗಳ ಬಾಗಿಲಿಗೆ ಊಟವನ್ನು ಒಯ್ಯುತ್ತಾರೆ. ಆ ಊಟವನ್ನು ಮನೆಯವರು ಅವರ ಕೈಯಿಂದಲೇ ತೆಗೆದುಕೊಳ್ಳುತ್ತಾರೆ. ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿದ್ದರು. ಬರಗಾಲದ ವರುಷದಲ್ಲಿ ಈ ಕೆಲಸದ ಹಣದಿಂದಲೇ ಒಲೆ ಉರಿದ ಮನೆಗಳನ್ನು ನಾವು ಬಲ್ಲೆವು. ಒಳ್ಳೇದನ್ನು ಒಳ್ಳೇದೆಂದು ಒಪ್ಪದವನು ಕೆಟ್ಟದ್ದನ್ನು ಕುರಿತು ನುಡಿದರೂ ಜನರು ನಂಬಲಾರರು.

ಆದರೂ ಪಾಲುಗಾರನೆಂಬ ಹೆಸರನ್ನು ಪರೀಕ್ಷಿಸಿ ನೋಡಬೇಕು. ನಮ್ಮ ಹಳ್ಳಿಯಲ್ಲಿ ಇಬ್ಬರು ಕೂಡಿ ಶೇಂಗಾ ಬಿತ್ತಿದರೆ, ಬೀಜ ಎಷ್ಟು, ಪಾಲು ಎಷ್ಟು ಎಂದು ಇಬ್ಬರೂ ಕೂತು ಮಾತಾಡುತ್ತಾರೆ. ಬೆಳೆ ಬಂದರೆ ಇಬ್ಬರಿಗೂ ಬಂತು, ಹೋದರೆ ಇಬ್ಬರಿಗೂ ಹೋಯಿತು. ಅದು ಪಾಲುಗಾರಿಕೆ. ಇಲ್ಲಿಯಾದರೋ ಕೂಲಿಯ ದರವನ್ನು ಗೊತ್ತುಮಾಡುವವನು ಯಾರು? ಕಂಪೆನಿಯು. ಯಾರಿಗೆ ಯಾವ ಕೆಲಸವೆಂದು ಹಂಚುವವನು ಯಾರು? ಕಂಪೆನಿಯು. ಕೆಲಸವನ್ನು ಅಳೆದು ತಪ್ಪು ಹಿಡಿಯುವವನು ಯಾರು? ಕಂಪೆನಿಯು. ತೆಗೆದುಹಾಕುವವನು ಯಾರು? ಅದೇ ಕಂಪೆನಿಯು. ಈ ನಾಲ್ಕು ಅಧಿಕಾರಗಳು ಯಾರ ಕೈಯಲ್ಲಿವೆಯೋ ಅವನನ್ನು ನಮ್ಮ ಜನರು ಧಣಿಯೆಂದು ಕರೆಯುತ್ತಾರೆ. ಹುಡುಗನಿಗೆ ಸ್ವಾತಂತ್ರ್ಯವು ಉಂಟು, ನಿಜ. ಆದರೆ ಅದು ಯಾವ ಹೊತ್ತಿಗೆ ದುಡಿಯಬೇಕೆಂಬ ಸ್ವಾತಂತ್ರ್ಯವು. ಎಷ್ಟಕ್ಕೆ ದುಡಿಯಬೇಕೆಂಬ ಸ್ವಾತಂತ್ರ್ಯವಲ್ಲ. ಬೈಕಿನ ಸಾಲದ ಕಂತನ್ನು ಕಟ್ಟಬೇಕಾದವನಿಗೆ ಮೊದಲನೆಯದೂ ಬಹಳ ಉಳಿಯುವದಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೆನಸಿರಿ. ಸಾಹುಕಾರನು ನೂಲನ್ನು ಕೊಡುವನು, ನೇಕಾರನು ತನ್ನ ಮನೆಯ ಮಗ್ಗದಲ್ಲಿ ನೇಯ್ದು ಕೊಡುವನು, ಸೀರೆಗೆ ಇಷ್ಟೆಂದು ಮಜೂರಿ ತೆಗೆದುಕೊಳ್ಳುವನು. ಮಗ್ಗವು ನೇಕಾರನದೇ, ಮನೆಯೂ ಅವನದೇ. ಆದರೂ ಅವನನ್ನು ಸಾಹುಕಾರನ ಪಾಲುಗಾರನೆಂದು ಯಾರೂ ಅನ್ನುವದಿಲ್ಲ. ಮಜೂರಿ ಕಡಿಮೆಯಾದರೆ ಅವನು ಸಾಹುಕಾರನ ಜಗಲಿಗೆ ಹೋಗಿ ಕೂತು ಕೇಳಬಹುದು. ಪಟ್ಟಣದ ಹುಡುಗನಿಗೆ ಆ ಜಗಲಿಯೂ ಇಲ್ಲ.

ಹೆಸರನ್ನು ಬದಲಿಸಿ ಹೊಣೆಯನ್ನು ಕಳಚಿಕೊಳ್ಳುವ ಉಪಾಯವು ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಸಾವಿರಾರು ಹೆಂಗಸರು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದರು. ಎಲೆಯನ್ನೂ ಹೊಗೆಸೊಪ್ಪನ್ನೂ ಗುತ್ತಿಗೆದಾರನು ಕೊಡುವನು. ಕಟ್ಟಿದ್ದನ್ನು ಎಣಿಸಿ, ಸರಿಯಿಲ್ಲದ್ದನ್ನು ತೆಗೆದುಹಾಕಿ, ಸಾವಿರಕ್ಕೆ ಇಷ್ಟೆಂದು ಕೊಡುವನು. ಅವರವರ ಮನೆಯಲ್ಲಿ ಕೂತು ದುಡಿಯುವವರು ಬೀಡಿಯ ಯಜಮಾನನ ಕೆಲಸಗಾರರು ಹೇಗಾದಾರು ಎಂಬ ವಾದವು ಆಗಲೂ ಹುಟ್ಟಿತ್ತು. 1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರು ಕೆಲಸಗಾರರ ಕಾಯ್ದೆಯನ್ನು ಮಾಡಿ, ಮನೆಯಲ್ಲಿ ಕೂತು ಕಟ್ಟುವವರೂ ಕೆಲಸಗಾರರೇ, ನಡುವೆ ಗುತ್ತಿಗೆದಾರನಿದ್ದರೂ ಮೂಲ ಯಜಮಾನನಿಗೆ ಹೊಣೆಯುಂಟು ಎಂದು ಗೊತ್ತುಮಾಡಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದ ಯಜಮಾನರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು; 1974ರಲ್ಲಿ ನ್ಯಾಯಾಲಯವು ಕಾಯ್ದೆಯನ್ನೇ ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕೆಲಸಗಾರರಿಗಾಗಿ ಕಲ್ಯಾಣನಿಧಿಯೂ ಏರ್ಪಟ್ಟಿತು. ಜಗಲಿಯ ಮೇಲೆ ಕೂತಿದ್ದ ಆ ಹೆಂಗಸರ ಜಾಗದಲ್ಲಿ ಈಗ ಬೈಕಿನ ಮೇಲೆ ಕೂತ ಹುಡುಗನಿದ್ದಾನೆ. ಗುತ್ತಿಗೆದಾರನ ಜಾಗದಲ್ಲಿ ಆ್ಯಪು ಇದೆ.

ದೂರದ ಬ್ರಿಟನ್ನಿನಲ್ಲಿಯೂ ಇದೇ ಪ್ರಶ್ನೆಯು ಎದ್ದಿತು. ಊಬರ್ ಕಂಪೆನಿಯ ಕಾರು ಓಡಿಸುವವರು ಸ್ವಂತ ವ್ಯಾಪಾರಿಗಳೋ ಕೆಲಸಗಾರರೋ ಎಂಬ ವ್ಯಾಜ್ಯದಲ್ಲಿ, 2021ರ ಫೆಬ್ರವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವರು ಕೆಲಸಗಾರರೇ ಎಂದು ತೀರ್ಮಾನಿಸಿತು. ಕರಾರಿನ ಕಾಗದದಲ್ಲಿ ಬರೆದ ಹೆಸರಿಗಿಂತಲೂ ಕೆಲಸವು ನಿಜವಾಗಿ ನಡೆಯುವ ರೀತಿಯನ್ನೇ ಆ ನ್ಯಾಯಾಧಿಪತಿಗಳು ನೋಡಿದರು. ನಮ್ಮ ಹಳ್ಳಿಯ ಹಿರಿಯರೂ ಹಾಗೆಯೇ ನೋಡುತ್ತಾರಲ್ಲವೋ?

ನಮ್ಮ ದೇಶದ ಕಾಯ್ದೆಯು ಅಷ್ಟು ದೂರ ಇನ್ನೂ ಹೋಗಿಲ್ಲ. ಆದರೆ ಹೆಜ್ಜೆ ಇಟ್ಟಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಕಾರ್ಮಿಕನೆಂಬ ಹೆಸರನ್ನು ಕಾನೂನಿನಲ್ಲಿ ಮೊದಲು ಬರೆಯಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ 21ರಂದು. ರಾಜ್ಯಗಳಲ್ಲಿ ರಾಜಸ್ಥಾನವು 2023ರಲ್ಲಿ ಮೊದಲು ಕಾಯ್ದೆ ಮಾಡಿತು. ನಮ್ಮ ಕರ್ನಾಟಕ ಸರಕಾರವು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರುಷದ ಸೆಪ್ಟೆಂಬರದಲ್ಲಿ ಅದು ಪೂರ್ಣ ಕಾಯ್ದೆಯಾಯಿತು. ಅದರ ಪ್ರಕಾರ, ಒಂದೊಂದು ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರ ವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಯು ಕಟ್ಟತಕ್ಕದ್ದು. ಹುಡುಗನಿಗೆ 40 ರೂಪಾಯಿ ಬಂದರೆ, ಕಂಪೆನಿಯು 40 ಪೈಸೆಯಿಂದ 2 ರೂಪಾಯಿಯ ವರೆಗೆ ಬೇರೆಯಾಗಿ ಕೊಡಬೇಕೆಂದು ಅರ್ಥ. ಈ ಹಣವನ್ನು ನೋಡಿಕೊಳ್ಳುವದಕ್ಕೆ ಕಲ್ಯಾಣ ಮಂಡಲಿಯುಂಟು. ಕಾರಣವನ್ನು ಬರಹದಲ್ಲಿ ತಿಳಿಸಿ 14 ದಿವಸ ಮುಂಚಿತವಾಗಿ ನೋಟೀಸು ಕೊಡದೆ ಸಾಮಾನ್ಯವಾಗಿ ಯಾರನ್ನೂ ತೆಗೆಯಕೂಡದು. ಯಂತ್ರವು ಯಾವ ಲೆಕ್ಕದಿಂದ ಕೆಲಸ ಹಂಚುತ್ತದೆ, ಯಾವ ಲೆಕ್ಕದಿಂದ ಗುರುತು ಕೊಡುತ್ತದೆ ಎಂಬದನ್ನು ಕಾರ್ಮಿಕನಿಗೆ ತಿಳಿಸತಕ್ಕದ್ದು. ಇದಕ್ಕೆ ಮುಂಚೆಯೇ, 2023ರಲ್ಲಿ, ರಾಜ್ಯ ಸರಕಾರವು ಇಂಥವರು ಅಪಘಾತದಲ್ಲಿ ಸತ್ತರೆ ಅವರ ಮನೆಯವರಿಗೆ 4 ಲಕ್ಷ ರೂಪಾಯಿ ಸಿಗುವ ವಿಮೆಯನ್ನು ಸಾರಿತ್ತು. ಆದರೆ ಈ ಕಾಯ್ದೆಯು ಕನಿಷ್ಠ ಕೂಲಿಯನ್ನು ಗೊತ್ತುಮಾಡಿಲ್ಲ. ದಿವಸಕ್ಕೆ ಇಷ್ಟೇ ತಾಸು ಎಂದೂ ಹೇಳಿಲ್ಲ. ಬಿದ್ದವನಿಗೆ ಸಹಾಯವನ್ನು ಅದು ನೆನಸಿದೆ. ಬೀಳುವಷ್ಟು ಅವಸರವಾಗಿ ಓಡಿಸುವ ಕೂಲಿಯ ದರವನ್ನು ಮುಟ್ಟಿಲ್ಲ.

ಈ ಕಾಯ್ದೆಗಳು ತಾವಾಗಿ ಆಕಾಶದಿಂದ ಇಳಿದು ಬಂದವೋ? ಇಲ್ಲ. ಹುಡುಗರು ಕೂಡಿದರು, ಕೇಳಿದರು, ಮತ್ತೆ ಮತ್ತೆ ಕೇಳಿದರು. ಇಲ್ಲಿಗೆ ತಾಯಿಯ ಎರಡನೆಯ ಪ್ರಶ್ನೆಗೆ ಬಂದೆವು.

ನಮ್ಮ ಸಭೆಗಳಲ್ಲಿ ತೃಪ್ತಿಯನ್ನು ಕುರಿತೂ ವಿಧೇಯತೆಯನ್ನು ಕುರಿತೂ ಬಹಳ ಬೋಧನೆ ನಡೆದಿದೆ. ನಾವೇ ಬೋಧಿಸಿದ್ದೇವೆ. ಅದನ್ನು ಹಿಂತೆಗೆದುಕೊಳ್ಳುವ ಮನಸ್ಸು ನಮಗಿಲ್ಲ. ಆದರೆ ಒಂದು ಮಾತನ್ನು ಸೇರಿಸಬೇಕಾಗಿದೆ. ನನ್ನ ತಟ್ಟೆಯಲ್ಲಿ ಕಡಿಮೆಯಿದ್ದಾಗ ನಾನು ತೃಪ್ತನಾಗಿರುವದು ಸದ್ಗುಣ; ನೆರೆಯವನ ತಟ್ಟೆಯಲ್ಲಿ ಕಡಿಮೆಯಿದ್ದಾಗ ನಾನು ತೃಪ್ತನಾಗಿರುವದು ಕಠಿಣ ಹೃದಯ. ಸಂಘವನ್ನು ಸೇರಿದ ಹುಡುಗನು ತನ್ನೊಬ್ಬನ ಕೂಲಿಗಾಗಿ ಮಾತ್ರ ನಿಲ್ಲುವದಿಲ್ಲ. ಕಾಲು ಮುರಿದು ಮಲಗಿದವನ ಕೂಲಿಗಾಗಿಯೂ ನಾಳೆ ಊರಿನಿಂದ ಬರುವವನ ಕೂಲಿಗಾಗಿಯೂ ನಿಲ್ಲುತ್ತಾನೆ. ಆಳಿನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸಿದ್ದನ್ನು ನೀವು ಬಲ್ಲಿರಿ. ಕುರಿ ಕಾಯುವ ನಮ್ಮ ಸೀಮೆಯವರಿಗೆ ಯಾಕೋಬನ ಕಥೆಯಂತೂ ಚೆನ್ನಾಗಿ ತಿಳಿದದ್ದೇ. ಮಾವನಾದ ಲಾಬಾನನು ಹತ್ತು ಸಾರಿ ಕೂಲಿಯನ್ನು ಬದಲಿಸಿದನೆಂದು ಯಾಕೋಬನು ಅವನ ಎದುರಿಗೇ ನಿಂತು ಹೇಳಿದನು. ಅದು ಅವಿಧೇಯತೆಯೆಂದು ಯಾರೂ ಅವನನ್ನು ಗದರಿಸಲಿಲ್ಲ. ಹತ್ತು ಸಾರಿ ಬದಲಾದ ಕೂಲಿಯನ್ನು ಕುರಿತು ಯಾಕೋಬನು ಮಾತಾಡಬಹುದಾದರೆ, ತಿಳಿಸದೆಯೇ ಇಳಿಯುವ ದರವನ್ನು ಕುರಿತು ನಮ್ಮ ಹುಡುಗನು ಮಾತಾಡಬಾರದೋ?

ಒಬ್ಬನೇ ಕೇಳಿದರೆ ಸಾಲದೋ, ಕೂಡಿ ಯಾಕೆ ಕೇಳಬೇಕು ಎಂದು ಕೆಲವರು ಅನ್ನಬಹುದು. ಯಾಕೋಬನಿಗೆ ಲಾಬಾನನ ಮುಖವು ಕಾಣುತ್ತಿತ್ತು. ಲಕ್ಷಾಂತರ ಜನರನ್ನು ನಡಿಸುವ ಕಂಪೆನಿಗೆ ಒಬ್ಬನ ದನಿಯು ಕೇಳಿಸದು. ಇದು ಹಿಂದೆಯೂ ಹೀಗೆಯೇ ಇತ್ತು. 1918ರಲ್ಲಿ ಮದ್ರಾಸಿನ ಬಟ್ಟೆಯ ಗಿರಣಿಗಳ ಕೆಲಸಗಾರರು ಮದ್ರಾಸ್ ಲೇಬರ್ ಯೂನಿಯನ್ ಎಂಬ ಸಂಘವನ್ನು ಕಟ್ಟಿದರು. ಆಗ ಗಿರಣಿಯವರು ಸಂಘದ ಮುಂದಾಳಾದ ಬಿ. ಪಿ. ವಾಡಿಯಾ ಎಂಬವರ ಮೇಲೆ ಮೊಕದ್ದಮೆ ಹೂಡಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಕೂಲಿಯವರು ಕೂಡುವದೇ ಅಪರಾಧವೆಂಬಂತಿತ್ತು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆಯಾದ ಮೇಲೆ ಆ ಭಯವು ಕಡಿಮೆಯಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಸಂಘ ಕಟ್ಟುವದನ್ನು ಪ್ರಜೆಯ ಮೂಲಭೂತ ಹಕ್ಕೆಂದು ಬರೆದಿದೆ. ಅಜ್ಜಂದಿರು ದಂಡ ತೆತ್ತು ಸಂಪಾದಿಸಿದ ಹಕ್ಕನ್ನು ಮೊಮ್ಮಕ್ಕಳು ಉಪಯೋಗಿಸಿದರೆ ಅದು ಪಾಪವಾಗಲಾರದು.

2025ರ ಡಿಸೆಂಬರ 25ರಂದೂ 31ರಂದೂ ದೇಶದ ಅನೇಕ ಪಟ್ಟಣಗಳಲ್ಲಿ ಇಂಥ ಕೆಲಸಗಾರರು ಮುಷ್ಕರ ಹೂಡಿದರು. ನ್ಯಾಯವಾದ ದರ ಬೇಕು, ಕಾರಣವಿಲ್ಲದೆ ಐಡಿ ಬ್ಲಾಕ್ ಮಾಡಬಾರದು, ಹತ್ತು ನಿಮಿಷದಲ್ಲಿ ಸಾಮಾನು ತಲಪಿಸುವ ಓಟವನ್ನು ನಿಲ್ಲಿಸಬೇಕು ಎಂದು ಕೇಳಿದರು. ಆ ದಿವಸಗಳಲ್ಲಿಯೂ ಅನೇಕರು ಕೆಲಸ ಮಾಡಿದರು. ಪಟ್ಟಣಗಳ ಊಟವೇನೂ ನಿಲ್ಲಲಿಲ್ಲ. ಆದರೆ 2026ರ ಜನವರಿಯಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಗಳು ಕಂಪೆನಿಗಳ ಸಂಗಡ ಮಾತಾಡಿದ ತರುವಾಯ, ಒಂದು ದೊಡ್ಡ ಕಂಪೆನಿಯು ತನ್ನ ಜಾಹೀರಾತಿನಿಂದ ಹತ್ತು ನಿಮಿಷವೆಂಬ ಮಾತನ್ನು ತೆಗೆದುಹಾಕಿತು. ಜಾಹೀರಾತಿನ ಮಾತು ಹೋದಕೂಡಲೆ ರಸ್ತೆಯ ಅವಸರವು ಹೋಯಿತೆಂದು ನಾವು ಹೇಳುವದಿಲ್ಲ. ಕೇಳದೆ ಇದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಹಕ್ಕಿನ ಸಂಗಡ ಕರ್ತವ್ಯವೂ ಬರುತ್ತದೆ; ಇದನ್ನು ಸಂಘ ಸೇರಿದ ಮಕ್ಕಳಿಗೆ ತಿಳಿಸಬೇಕು. ಮುಷ್ಕರದ ದಿವಸ ಹಸಿವಿನಿಂದ ಕೆಲಸಕ್ಕೆ ಹೊರಟವನ ಬೈಕಿಗೆ ಕೈಹಾಕಬೇಡಿರಿ. ಅವನ ಮನೆಯ ಒಲೆಯನ್ನು ನೀವು ಕಂಡಿಲ್ಲ. ಸುಳ್ಳು ಲೆಕ್ಕ ಹೇಳಬೇಡಿರಿ. ನಿಜವಾದ ಲೆಕ್ಕವೇ ಸಾಕಷ್ಟು ಮಾತಾಡುತ್ತದೆ. ಸಂಘದ ಹಣಕ್ಕೆ ಪುಸ್ತಕವಿಡಿರಿ. ಒಪ್ಪಿಕೊಂಡ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿರಿ. ತನ್ನ ಕೆಲಸದಲ್ಲಿ ಮೋಸ ಮಾಡುವವನು ಧಣಿಯ ಮೋಸವನ್ನು ಕುರಿತು ಬಾಯಿ ತೆರೆಯಲಾರನು.

ಇನ್ನು ನಮ್ಮ ವಿಷಯ. ಕಾಣದ ಧಣಿಯನ್ನು ಕುರಿತು ಇಷ್ಟು ಬರೆದ ನಾವು ಕಾಣುವ ಧಣಿಗಳನ್ನು ಮರೆಯಬಹುದೋ? ಕಳೆ ತೆಗೆದ ಹೆಣ್ಣಾಳನ್ನು ‘ನಾಳೆ ಬಾ, ಸಂತೆಯ ಮೇಲೆ ಬಾ’ ಎಂದು ನಾಲ್ಕು ಸಾರಿ ತಿರುಗಿಸುವವರು ನಮ್ಮಲ್ಲಿಯೂ ಉಂಟು. ಕುರಿ ಕಾಯುವ ಹುಡುಗನಿಗೆ ಸತ್ತ ಕುರಿಯ ಲೆಕ್ಕವನ್ನು ಹೊರಿಸುವವರೂ ಉಂಟು. ಪಟ್ಟಣಕ್ಕೆ ಹೋದಾಗ ಮಗಳ ಮನೆಯಲ್ಲಿ ಕೂತು ಊಟ ತರಿಸಿ, ಐದು ನಿಮಿಷ ತಡವಾಯಿತೆಂದು ಗೊಣಗುವವರೂ ಉಂಟು. ಆ ಬಾಗಿಲಿನಲ್ಲಿ ನಿಂತವನು ಬೇರೊಂದು ಹಳ್ಳಿಯ ವಿಧವೆಯ ಮಗನು. ಅವನಿಗೆ ಒಂದು ಲೋಟ ನೀರು ಕೊಡುವದಕ್ಕೆ ಕಾಯ್ದೆ ಬೇಕಾಗಿಲ್ಲ. ಮಗನು ಬೆಂಗಳೂರಿನಿಂದ ಮಾತಾಡಿದಾಗ, ‘ಎಷ್ಟು ದುಡಿದಿ’ ಎಂದು ಕೇಳುವ ಮುಂಚೆ, ‘ಉಂಡಿಯಾ, ಹೆಲ್ಮೆಟ್ ಹಾಕಿಕೊಂಡಿಯಾ, ಇ-ಶ್ರಮ್ ಕಾರ್ಡು ಮಾಡಿಸಿದಿಯಾ’ ಎಂದು ಕೇಳಿರಿ. ಓದು ಬಲ್ಲವರು ಕಾಯ್ದೆಯ ವಿಷಯವನ್ನು ಓದು ಬಾರದವರಿಗೆ ತಿಳಿಸಿ ಹೇಳಿರಿ. ಹಕ್ಕಿದ್ದರೂ ತಿಳಿಯದವನಿಗೆ ಅದು ಬೀಗ ಹಾಕಿದ ಕಣಜದಂತೆ.

ಕಡೆಯದಾಗಿ ನಮ್ಮ ಊರಿನ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಸಿದ್ದಾಪುರದ ಬಂಡೆಯ ಮೇಲೂ, ನೆರೆಯ ಬ್ರಹ್ಮಗಿರಿಯಲ್ಲೂ ಜಟಿಂಗ ರಾಮೇಶ್ವರದಲ್ಲೂ, ಅಶೋಕ ಚಕ್ರವರ್ತಿಯ ಶಾಸನಗಳುಂಟು; ಬಿ. ಎಲ್. ರೈಸ್ ಎಂಬವರು ಅವುಗಳನ್ನು 1892ರಲ್ಲಿ ಕಂಡುಹಿಡಿದರು. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಹುದೆಂಬ ಅರ್ಥವು ಅವುಗಳಲ್ಲಿದೆ. ಆ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರನ ಹೆಸರೂ ಇದೆ: ಚಪಡ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರುಷಗಳ ಹಿಂದೆ ಚಕ್ರವರ್ತಿಯ ಆಜ್ಞೆಯ ಕೆಳಗೆ ಕೆಲಸ ಮಾಡಿದವನ ಹೆಸರಿಗೂ ಸ್ಥಳವಿತ್ತು. ಇಂದು ನಮ್ಮ ಮಕ್ಕಳು ಧಣಿಯ ಲೆಕ್ಕದಲ್ಲಿ ಒಂದು ಸಂಖ್ಯೆ ಮಾತ್ರ; ಆ ಸಂಖ್ಯೆಯನ್ನು ಅಳಿಸಿದರೆ ಅವರೇ ಅಳಿದಂತೆ. ಅವರು ಸಂಘ ಕೂಡಿ ಕೇಳುವದು ಹಣವನ್ನು ಮಾತ್ರವಲ್ಲ. ನಮಗೂ ಹೆಸರುಂಟು, ನಮ್ಮ ಮಾತಿಗೆ ಉತ್ತರ ಕೊಡುವವರು ಬೇಕು ಎಂದು ಕೇಳುತ್ತಾರೆ.

ಮುಂದಿನ ವಾರ ನಾವು ಆ ವಿಧವೆಯ ಮನೆಗೆ ತಿರುಗಿ ಹೋದೆವು. “ಅಮ್ಮಾ, ನಿನ್ನ ಮಗನು ಧಣಿಗೆ ಎದುರು ನಿಂತಿಲ್ಲ. ಧಣಿಯು ಎಲ್ಲಿದ್ದಾನೆಂದು ಹುಡುಕುತ್ತಿದ್ದಾನೆ. ಹುಡುಕುವದು ಪಾಪವಲ್ಲ” ಎಂದು ಹೇಳಿದೆವು. ಆಕೆಯು ಸ್ವಲ್ಪ ಯೋಚಿಸಿ, “ಹಾಗಾದರೆ ರಾತ್ರಿ ನಿಧಾನವಾಗಿ ಓಡಿಸೋದಕ್ಕೆ ಹೇಳಿರಿ, ಅಯ್ಯನವರೇ, ನನ್ನ ಮಾತು ಕೇಳೋದಿಲ್ಲ” ಅಂದಳು. ನಾವು ಆಕೆಯ ಎದುರಿನಲ್ಲಿಯೇ ಅವನಿಗೆ ಫೋನು ಮಾಡಿ ಹೇಳಿದೆವು.